ಅಮ್ಮನಿಗೆ ಕೀಮೋ ಬೇಡ, ದಿನಕ್ಕೊಂದು ಮಾತ್ರೆ ಸಾಕು ಎಂದಿದ್ದಾರೆ: ಇದು ನಿಜವಾದ ಚಿಕಿತ್ಸೆಯೇ?

ವಿಜಯನಗರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 61 ವರ್ಷ. ಕುಣಿಗಲ್ ಹತ್ತಿರದ ಹಳ್ಳಿಯವರು. ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಅಪ್ಪನಿಗೂ ಆ ಅಭ್ಯಾಸವಿರಲಿಲ್ಲ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತದ್ದು ಬಿಟ್ಟರೆ ಅವರು ಹೊಗೆ ಕಂಡವರೇ ಅಲ್ಲ. ಕಳೆದ ದೀಪಾವಳಿಯಿಂದ ಕೆಮ್ಮು ಹಿಡಿಯಿತು. ಊರಿನ ಬಳಿಯ ಒಂದು ಕ್ಲಿನಿಕ್ಕಿನಲ್ಲಿ ಕಫವನ್ನೂ ಪರೀಕ್ಷಿಸದೆ ಕ್ಷಯ ಎಂದು ಹೇಳಿ ಎರಡು ತಿಂಗಳು ಮಾತ್ರೆ ನುಂಗಿಸಿದರು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ದೇವರ ಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಬೆಂಗಳೂರಿಗೆ ಕರೆತಂದೆ. ಬಲ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಒಂದೂಕಾಲು ಲೀಟರ್ ತೆಗೆದರು, ರಕ್ತ ಬೆರೆತ ನೀರು. ಆಮೇಲೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅಡಿನೊಕಾರ್ಸಿನೋಮಾ, ಅಂದರೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಎಂದು ಬಂತು. ನಾಲ್ಕನೆಯ ಹಂತ.

ಅದೇ ದಿನ ಕೀಮೋ ಶುರು ಮಾಡುತ್ತಾರೆ ಎಂದುಕೊಂಡು ನಾನು ಶಾಲೆಗೆ ರಜೆ ಬರೆದು ಬ್ಯಾಗ್ ಕಟ್ಟಿಕೊಂಡು ಹೋಗಿದ್ದೆ. ಆದರೆ ವೈದ್ಯರು ಇನ್ನೊಂದು ಪರೀಕ್ಷೆ ಬರಲಿ ಎಂದು ಹನ್ನೆರಡು ದಿನ ಕಾಯಿಸಿದರು. ಬಂದ ವರದಿಯಲ್ಲಿ ‘ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಪತ್ತೆಯಾಗಿದೆ’ ಎಂದಿತ್ತು. ವೈದ್ಯರ ಮುಖ ಸ್ವಲ್ಪ ಅರಳಿದ್ದನ್ನು ನಾನು ನೋಡಿದೆ. ಗೆಫಿಟಿನಿಬ್ 250 ಮಿಲಿಗ್ರಾಂ, ದಿನಕ್ಕೆ ಒಂದು, ಮನೆಗೆ ಹೋಗಿ ಎಂದರು. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ, ಶಕ್ತಿಯೂ ಕುಗ್ಗಿದೆ, ಆದ್ದರಿಂದ ಈಗ ಕೀಮೋ ಬೇಡ ಎಂದೂ ಹೇಳಿದರು.

ನಮ್ಮ ಮನೆಯಲ್ಲಿ ಕೀಮೋ ಎಂದರೆ ಏನೆಂದು ಗೊತ್ತು. 2009ರಲ್ಲಿ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಕಿದ್ವಾಯಿ ಆಸ್ಪತ್ರೆಯಲ್ಲಿ ಆರು ಕೀಮೋ ಕೊಟ್ಟರು. ನಮ್ಮ ಮನೆಯಲ್ಲೇ ಇದ್ದರು. ಎರಡನೆಯ ಕೀಮೋ ಆಗುವ ಮುನ್ನವೇ ಬಚ್ಚಲಿನ ಜಾಲರಿಗೆ ಕೂದಲು ಕಟ್ಟಿಕೊಂಡು ನೀರು ಹೋಗುತ್ತಿರಲಿಲ್ಲ. ಅದನ್ನು ನಾನು ಕೈಯಿಂದ ತೆಗೆದಿದ್ದೇನೆ. ಅನ್ನದ ವಾಸನೆಗೇ ವಾಂತಿ. ಇಷ್ಟಾದರೂ ಚಿಕ್ಕಮ್ಮ ಈಗ ಗಟ್ಟಿಯಾಗಿದ್ದಾರೆ, ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುತ್ತಾರೆ.

ಅದನ್ನೇ ಹಿಡಿದುಕೊಂಡು ಮಾವ ಹೇಳುತ್ತಿದ್ದಾರೆ: ‘ಅವಳಿಗೆ ಅಷ್ಟು ಕಷ್ಟ ಕೊಟ್ಟರು, ಉಳಿದಳು. ನಿಮ್ಮಮ್ಮನಿಗೆ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದ್ದಾರೆ ಎಂದರೆ ಕೈಬಿಟ್ಟಿದ್ದಾರೆ ಎಂದೇ ಅರ್ಥ.’ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಇದು ಕೀಮೋವನ್ನೇ ಮಾತ್ರೆಯ ರೂಪದಲ್ಲಿ ಕೊಡುವುದೇ? ಅಥವಾ ಬೇರೆಯದೇ? ಇಷ್ಟು ಚಿಕ್ಕ ಮಾತ್ರೆ ನಾಲ್ಕನೆಯ ಹಂತಕ್ಕೆ ಏನು ಮಾಡೀತು? ಗೊತ್ತಿರುವವರು ಹೇಳಿ.

ನಿವೃತ್ತ ಶುಶ್ರೂಷಕಿ, ಹನುಮಂತನಗರ:

ಮೊದಲು ನಿಮ್ಮ ಮಾವನ ಮಾತಿಗೆ ಉತ್ತರ ಹೇಳುತ್ತೇನೆ, ಉಳಿದದ್ದು ಆಮೇಲೆ. ಕೈಬಿಟ್ಟ ವೈದ್ಯರು ಹನ್ನೆರಡು ದಿನ ಕಾದು ಜೀನ್ ಪರೀಕ್ಷೆ ಮಾಡಿಸುವುದಿಲ್ಲ. ವರದಿ ನೋಡಿ ಅವರ ಮುಖ ಅರಳಿತು ಎಂದಿರಲ್ಲ, ಅದಕ್ಕೆ ಕಾರಣವಿದೆ.

ನಾನು ವೈದ್ಯೆಯಲ್ಲ. ಬೆಂಗಳೂರಿನ ಕೀಮೋ ವಾರ್ಡುಗಳಲ್ಲಿ 26 ವರ್ಷ ಕೆಲಸ ಮಾಡಿದವಳು. ನಿಮ್ಮ ಚಿಕ್ಕಮ್ಮನಂಥ ನೂರಾರು ಹೆಂಗಸರ ಕೈಗೆ ಸೂಜಿ ಹಾಕಿದ್ದೇನೆ. ಬಹುಶಃ ಅವರಿಗೆ ಕೊಟ್ಟದ್ದರಲ್ಲಿ ಒಂದು ಕೆಂಪು ಔಷಧಿ ಇದ್ದಿರಬೇಕು, ಕೇಳಿ ನೋಡಿ. ಡಾಕ್ಸೊರುಬಿಸಿನ್ ಅದರ ಹೆಸರು. ವಾರ್ಡಿನಲ್ಲಿ ಎಲ್ಲರೂ ‘ಕೆಂಪು ಔಷಧಿ’ ಎಂದೇ ಕರೆಯುತ್ತಿದ್ದರು. ದಾಳಿಂಬೆ ರಸದ ಬಣ್ಣ. ಅದನ್ನು ಕೊಡುವಾಗ ಪಕ್ಕದಲ್ಲಿ ಸಲೈನ್ ಹರಿಯಬಿಟ್ಟು, ಸಿರಿಂಜನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತಾ, ರಕ್ತನಾಳದ ಮೇಲಿಂದ ಕಣ್ಣು ತೆಗೆಯದೆ ಕೂರಬೇಕು. ಒಂದು ಹನಿ ನಾಳದಿಂದ ಹೊರಗೆ ಸೋರಿದರೂ ಚರ್ಮ, ಮಾಂಸ ಸುಟ್ಟುಹೋಗುತ್ತದೆ. ಮಾರನೆಯ ದಿನ ಮೂತ್ರ ಕೆಂಪಗೆ ಬಂದು ಎಷ್ಟೋ ಜನ ರಕ್ತ ಎಂದು ಗಾಬರಿಯಾಗಿ ಫೋನ್ ಮಾಡುತ್ತಿದ್ದರು. ಆದ್ದರಿಂದ ಮೊದಲೇ ಹೇಳಿ ಕಳುಹಿಸುತ್ತಿದ್ದೆವು.

ಈ ಔಷಧಿಗೆ ಕ್ಯಾನ್ಸರ್ ಯಾವುದು, ನಮ್ಮದು ಯಾವುದು ಎಂಬ ಗುರುತಿಲ್ಲ. ಅದು ನೋಡುವುದು ಒಂದನ್ನೇ: ಈ ಕೋಶ ಈಗ ಒಡೆದು ಎರಡಾಗುತ್ತಿದೆಯೇ? ಆಗುತ್ತಿದ್ದರೆ ಹೊಡೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ಒಡೆಯುತ್ತವೆ, ಆದ್ದರಿಂದ ಪೆಟ್ಟು ಅವುಗಳಿಗೇ ಹೆಚ್ಚು. ಆದರೆ ಕೂದಲ ಬುಡ, ಬಾಯಿಯ ಒಳಪದರ, ಕರುಳಿನ ಗೋಡೆ, ರಕ್ತ ಹುಟ್ಟುವ ಮಜ್ಜೆ, ಇವೂ ದಿನವೂ ಒಡೆಯುತ್ತಲೇ ಇರುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಭೇದಿ, ಬಿಳಿ ರಕ್ತಕಣ ಕುಸಿಯುವುದು, ಎಲ್ಲಕ್ಕೂ ಕಾರಣ ಇದೊಂದೇ. ಔಷಧಿ ಕೊಟ್ಟ ಏಳರಿಂದ ಹದಿನಾಲ್ಕು ದಿನದ ನಡುವೆ ಕಣಗಳ ಎಣಿಕೆ ತೀರಾ ತಳಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು ಎಂದು ನಾವು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಡುತ್ತಿದ್ದೆವು. ಮುಂದಿನ ಕೀಮೋಗೆ ಸಾಮಾನ್ಯವಾಗಿ 21 ದಿನ ಬಿಡುವುದು ಮಜ್ಜೆ ಚೇತರಿಸಿಕೊಳ್ಳಲಿ ಎಂದೇ. ಈ ಚಿಕಿತ್ಸೆಯ ಮೂಲವೇ ಯುದ್ಧದ ವಿಷ: 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸಾಸಿವೆ ಅನಿಲದ ಸಂಬಂಧಿಯಾದ ನೈಟ್ರೊಜನ್ ಮಸ್ಟರ್ಡನ್ನು ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ರೋಗಿಗೆ ಮೊದಲು ಕೊಟ್ಟರು.

ಈಗ ನಿಮ್ಮ ಅಮ್ಮನ ಮಾತ್ರೆಗೆ ಬರೋಣ. ನಿಮ್ಮ ಮನೆಯಲ್ಲಿ ಸಂಪ್ ಇದ್ದೇ ಇರುತ್ತದೆ. ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ತಾನಾಗಿ ನಿಲ್ಲುವ ವ್ಯವಸ್ಥೆ ಮಾಡಿಸಿರುತ್ತೀರಿ. ಒಂದು ದಿನ ಆ ಸ್ವಿಚ್ ಕಚ್ಚಿಕೊಳ್ಳುತ್ತದೆ. ಟ್ಯಾಂಕ್ ತುಂಬಿದೆ, ನೀರು ತಾರಸಿಯಿಂದ ಬೀದಿಗೆ ಸುರಿಯುತ್ತಿದೆ, ಮೋಟಾರ್ ಮಾತ್ರ ಓಡುತ್ತಲೇ ಇದೆ. ಇಜಿಎಫ್‌ಆರ್ ಎಂಬುದು ಕೋಶದ ಮೈಮೇಲಿರುವ ಅಂಥ ಒಂದು ಸ್ವಿಚ್. ಹೊರಗಿನಿಂದ ‘ಬೆಳೆ’ ಎಂಬ ಸೂಚನೆ ಬಂದಾಗ ಮಾತ್ರ ಅದು ಒತ್ತಿಕೊಳ್ಳಬೇಕು. ನಿಮ್ಮ ಅಮ್ಮನ ಗಡ್ಡೆಯಲ್ಲಿ ಆ ಜೀನಿನ 19ನೆಯ ತುಣುಕಿನಲ್ಲಿ ಕೆಲವು ಅಕ್ಷರಗಳು ಬಿದ್ದುಹೋಗಿವೆ. ಆದ್ದರಿಂದ ಯಾರೂ ಒತ್ತದೆಯೇ ಸ್ವಿಚ್ ಹಾಕಿಕೊಂಡಿದೆ. ಗೆಫಿಟಿನಿಬ್ ಹೋಗಿ ಆ ಸ್ವಿಚ್ಚಿಗೆ ಶಕ್ತಿ ಸೇರುವ ಸಂದಿಯಲ್ಲಿ ಕೂತುಬಿಡುತ್ತದೆ. ಮೋಟಾರ್ ನಿಲ್ಲುತ್ತದೆ. ಆ ಒಂದೇ ಸ್ವಿಚ್ಚಿನ ಮೇಲೆ ಬದುಕುತ್ತಿದ್ದ ಕೋಶಗಳು ಸಾಯುತ್ತವೆ. ಮಜ್ಜೆಯ ಗೊಡವೆಗೆ ಅದು ಹೆಚ್ಚಾಗಿ ಹೋಗುವುದಿಲ್ಲ. ಕೀಮೋದಲ್ಲಿ ಆಗುವ ಹಾಗೆ ಕೂದಲು ಪೂರ್ತಿ ಉದುರುವುದನ್ನು ಈ ಮಾತ್ರೆಯಲ್ಲಿ ನಾನು ಕಂಡಿಲ್ಲ.

ಹಾಗೆಂದು ತೊಂದರೆಯೇ ಇಲ್ಲ ಎಂದುಕೊಳ್ಳಬೇಡಿ. ಅದೇ ಸ್ವಿಚ್ ಚರ್ಮದಲ್ಲೂ ಕರುಳಿನಲ್ಲೂ ಇದೆ, ಅಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಮಾತ್ರೆ ಅದನ್ನೂ ಅಷ್ಟಿಷ್ಟು ತಡೆಯುತ್ತದೆ. ಇನ್ನು ಒಂದೆರಡು ವಾರದಲ್ಲಿ ಅಮ್ಮನ ಮೂಗಿನ ಅಕ್ಕಪಕ್ಕ, ಕೆನ್ನೆ, ಎದೆಯ ಮೇಲೆ ಹರೆಯದ ಮೊಡವೆಯಂಥ ಗುಳ್ಳೆ ಬರಬಹುದು. ಅದು ಅಲರ್ಜಿಯೂ ಅಲ್ಲ, ‘ಅಮ್ಮ’ ಬಂದದ್ದೂ ಅಲ್ಲ. ಬೇವಿನ ಸೊಪ್ಪು ಅರೆದು ಹಚ್ಚಬೇಡಿ, ಒಣಗಿದ ಚರ್ಮ ಇನ್ನಷ್ಟು ಒಡೆಯುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಸೆರಗು ಹೊದೆಯಿಸಿ, ವೈದ್ಯರಿಗೆ ತೋರಿಸಿ. ಉಗುರಿನ ಪಕ್ಕ ಊದಿ ಕೀವಾದರೂ ಹೇಳಿ. ಭೇದಿಯಾದರೆ ಓಆರ್‌ಎಸ್ ಕೊಡುತ್ತಾ ಆಸ್ಪತ್ರೆಗೆ ತಿಳಿಸಿ, ಕ್ರಿಯಾಟಿನಿನ್ ಹೆಚ್ಚಿರುವವರಿಗೆ ನೀರು ಕಡಿಮೆಯಾಗಬಾರದು. ಯಕೃತ್ತಿನ ರಕ್ತ ಪರೀಕ್ಷೆಯನ್ನು ಹೇಳಿದ ದಿನಕ್ಕೆ ತಪ್ಪದೆ ಮಾಡಿಸಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಉಸಿರಾಟ ಸುಧಾರಿಸಿದ ಮೇಲೆ ಮತ್ತೆ ಇದ್ದಕ್ಕಿದ್ದಂತೆ ಉಬ್ಬಸ, ಒಣಕೆಮ್ಮು, ಜ್ವರ ಬಂದರೆ ‘ಹಳೆಯ ಕಾಯಿಲೆಯೇ’ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಪರೂಪಕ್ಕೆ ಈ ಮಾತ್ರೆಯೇ ಶ್ವಾಸಕೋಶಕ್ಕೆ ಉರಿಯೂತ ತರುತ್ತದೆ. ಅದೇ ದಿನ ಹೋಗಬೇಕು.

ಇನ್ನೆರಡು ವಿಷಯ, ಯಾರೂ ಹೇಳದೆ ಬಿಡುವಂಥವು. ಅಮ್ಮ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಪ್ಯಾಂಟೊಪ್ರಜೋಲ್‌ನಂಥವು ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತವೆ, ಆಮ್ಲ ಕಡಿಮೆಯಾದರೆ ಗೆಫಿಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೆಲೆ ಕೊಟ್ಟು ತಂದ ಮಾತ್ರೆಯ ಒಂದಷ್ಟು ಭಾಗ ಹಾಗೇ ಹೊರಗೆ ಹೋಗುತ್ತದೆ. ವೈದ್ಯರನ್ನು ಕೇಳಿ ನಿಲ್ಲಿಸಿ ಅಥವಾ ಹೊತ್ತು ಬದಲಿಸಿ. ಎರಡನೆಯದು ಚಕ್ಕೋತ. ದೇವನಹಳ್ಳಿಯ ಚಕ್ಕೋತ ಸಿಕ್ಕರೆ ರೋಗಿಗೆ ಒಳ್ಳೆಯದೆಂದು ಯಾರಾದರೂ ತಂದುಕೊಡುತ್ತಾರೆ. ಅದರಲ್ಲಿರುವ ಕೆಲವು ಅಂಶಗಳು ಯಕೃತ್ತು ಔಷಧಿಯನ್ನು ಕರಗಿಸುವ ದಾರಿಗೆ ಅಡ್ಡ ಬರುತ್ತವೆ. ಬೇಡ. ಕಿತ್ತಳೆ, ಮೋಸಂಬಿ ಕೊಡಿ. ಕಷಾಯ, ಲೇಹ್ಯ ಏನೇ ಕೊಡುವುದಿದ್ದರೂ ಮೊದಲು ವೈದ್ಯರ ಕಿವಿಗೆ ಹಾಕಿ.

ಮಾತ್ರೆ ಎಂದರೆ ಕೀಮೋ ಅಲ್ಲ ಎಂದೂ ತಿಳಿಯಬೇಡಿ. ಕೆಪಿಸಿಟಬಿನ್ ಎಂಬುದು ಮಾತ್ರೆ, ಆದರೆ ಅದು ಕೀಮೋ. ಅಂಗೈ, ಅಂಗಾಲು ಸುಲಿಯುವಂತೆ ಮಾಡುತ್ತದೆ. ಟ್ರಾಸ್ಟುಜುಮಾಬ್ ಎಂಬುದು ಡ್ರಿಪ್ಪಿನಲ್ಲಿ ಹೋಗುತ್ತದೆ, ಆದರೆ ಅದು ನಿಮ್ಮ ಅಮ್ಮನ ಮಾತ್ರೆಯಂತೆ ಒಂದು ಗುರಿಯನ್ನೇ ಹಿಡಿದು ಹೊಡೆಯುವ ಟಾರ್ಗೆಟೆಡ್ ಥೆರಪಿ. ಸ್ತನ ಕ್ಯಾನ್ಸರಿನಲ್ಲಿ ಐದಾರು ಜನರಲ್ಲಿ ಒಬ್ಬರಿಗೆ ಹರ್-2 ಎಂಬ ಪ್ರೋಟೀನು ಅತಿಯಾಗಿರುತ್ತದೆ, ಅವರಿಗೆ ಮಾತ್ರ ಅದು. ಕೂದಲಿಗೆ ಏನೂ ಮಾಡುವುದಿಲ್ಲ, ಹೃದಯವನ್ನು ಮಾತ್ರ ದುರ್ಬಲಗೊಳಿಸಬಹುದು ಎಂದು ಮೂರು ತಿಂಗಳಿಗೊಮ್ಮೆ ಎಕೊ ಮಾಡಿಸುತ್ತೇವೆ. 1998ರಲ್ಲೇ ಅಮೆರಿಕದಲ್ಲಿ ಬಂದ ಔಷಧಿ. ನಮ್ಮ ವಾರ್ಡಿನಲ್ಲಿ ಬಹಳ ವರ್ಷ ವರದಿಯಲ್ಲಿ ‘ಹರ್-2 ಪಾಸಿಟಿವ್’ ಎಂದು ಓದಿ, ಬೆಲೆ ಕೇಳಿ, ಸುಮ್ಮನೆ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದವರನ್ನು ಕಂಡಿದ್ದೇನೆ. ಚಿಕಿತ್ಸೆ ಇದೆ ಎಂದು ಗೊತ್ತಿದ್ದೂ ಕೊಡಲಾಗದ ಸಂಕಟ ಇಲ್ಲದಿರುವುದಕ್ಕಿಂತ ಕೆಟ್ಟದು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರದೇ ಸಮಾನ ಔಷಧಿಯನ್ನು ಕಡಿಮೆ ಬೆಲೆಗೆ ಬಿಡುಗಡೆ ಮಾಡಿತು. ಆಮೇಲೆ ಇನ್ನೂ ಕೆಲವು ಬಂದವು. ಚೀಟಿ ಮಡಚುವವರು ಕಡಿಮೆಯಾದರು.

ಕೊನೆಗೆ ನಿಮ್ಮ ವೈದ್ಯರು ಕಾದದ್ದು ಏಕೆ ಸರಿ ಎಂಬುದು. ಈ ಮಾತ್ರೆ ಮೊದಲು ಬಂದಾಗ, 2003ರ ಸುಮಾರಿಗೆ, ಯಾರಿಗೆ ಹಿಡಿಯುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ಒಬ್ಬ ಹೆಂಗಸು ಹತ್ತು ದಿನದಲ್ಲಿ ಆಮ್ಲಜನಕದ ನಳಿಕೆ ಕಿತ್ತಿಟ್ಟು ಕಾರಿಡಾರಿನಲ್ಲಿ ನಡೆದಾಡುತ್ತಿದ್ದರು. ಪಕ್ಕದ ಹಾಸಿಗೆಯ ಗಂಡಸಿಗೆ ಅದೇ ಮಾತ್ರೆಯಿಂದ ಕಿಂಚಿತ್ತೂ ಗುಣವಾಗಲಿಲ್ಲ, ಆ ವಾರಗಳು ವ್ಯರ್ಥವಾದವು. 2004ರಲ್ಲಿ ವಿಜ್ಞಾನಿಗಳು ಈ ಜೀನಿನ ಬದಲಾವಣೆಯನ್ನು ಪತ್ತೆ ಮಾಡಿದ ಮೇಲೆಯೇ ಆ ಇಬ್ಬರ ನಡುವಿನ ಅಂತರ ಅರ್ಥವಾದದ್ದು. 2009ರಲ್ಲಿ ಏಷ್ಯಾದ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ ಅದನ್ನು ಸ್ಪಷ್ಟವಾಗಿ ತೋರಿಸಿತು: ಬದಲಾವಣೆ ಇದ್ದವರಿಗೆ ಮಾತ್ರೆ ಮೇಲು, ಇಲ್ಲದವರಿಗೆ ಕೀಮೋವೇ ಮೇಲು. ಪರೀಕ್ಷೆಯಿಲ್ಲದೆ ಈ ಮಾತ್ರೆ ಬರೆದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ರಾಜಾಜಿನಗರ 1958:

ನಾನು ಇಂಥ ಮಾತ್ರೆಯ ಮೇಲೆ ಬದುಕಿರುವವನು, ಆದ್ದರಿಂದ ಬರೆಯುತ್ತಿದ್ದೇನೆ. 2008ರಲ್ಲಿ ಹೊಟ್ಟೆಯ ಎಡಭಾಗ ಕಲ್ಲಿನಂತೆ ಗಟ್ಟಿಯಾಗಿ, ಅರ್ಧ ಚಪಾತಿಗೇ ತುಂಬಿದಂತಾಗುತ್ತಿತ್ತು. ಗುಲ್ಮ ಊದಿತ್ತು. ಬಿಳಿ ರಕ್ತಕಣ ಒಂದು ಲಕ್ಷ ಎಂಬತ್ತು ಸಾವಿರ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಎಂದರು. ಅಂದಿನಿಂದ ಇಮ್ಯಾಟಿನಿಬ್ 400 ಮಿಲಿಗ್ರಾಂ, ಊಟದ ಜೊತೆ, ಒಂದು ದೊಡ್ಡ ಲೋಟ ನೀರಿನಲ್ಲಿ. ಕಣ್ಣಿನ ಕೆಳಗೆ ಬೆಳಿಗ್ಗೆ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇಷ್ಟೇ ತೊಂದರೆ. ಮಗಳ ಮದುವೆ ಮಾಡಿದೆ. ನಿವೃತ್ತನಾದೆ.

ನನ್ನ ಕಾಯಿಲೆಯ ಬೇರು 1960ರಲ್ಲೇ ಕಂಡಿತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಬ್ಬರು ಸಂಶೋಧಕರು ಇಂಥ ರೋಗಿಗಳ ರಕ್ತದಲ್ಲಿ ಒಂದು ಗಿಡ್ಡ ವರ್ಣತಂತುವನ್ನು ಗುರುತಿಸಿದರು. 1973ರಲ್ಲಿ ಜಾನೆಟ್ ರೌಲಿ ಎಂಬಾಕೆ 9 ಮತ್ತು 22ನೆಯ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಂಡಿರುವುದನ್ನು ತೋರಿಸಿದರು. ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಬೇರು ಕಂಡ ಮೇಲೆ ಔಷಧಿಗೆ ನಲವತ್ತು ವರ್ಷ. ನನ್ನ ದೊಡ್ಡಪ್ಪ ಇದೇ ಕಾಯಿಲೆಯಲ್ಲಿ 1986ರಲ್ಲಿ ತೀರಿಕೊಂಡರು. ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಅವರ ನೆನಪು ಬಾರದ ದಿನವಿಲ್ಲ.

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಔಷಧಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಹಳೆಯ ಔಷಧಿಯ ರೂಪವನ್ನಷ್ಟೇ ಬದಲಿಸಿದರೆ ಸಾಲದು, ಅದರ ಗುಣ ಹೆಚ್ಚಿರಬೇಕು ಎಂಬ ಕಾಯ್ದೆಯ 3(ಡಿ) ಕಲಮು ಅದಕ್ಕೆ ಆಧಾರ. ಭಾರತದ ಕಂಪನಿಗಳ ಅಗ್ಗದ ಮಾತ್ರೆ ನಮಗೆ ತಪ್ಪದಂತಾಯಿತು. ಆ ದಿನದ ಪತ್ರಿಕೆಯನ್ನು ಇಟ್ಟುಕೊಂಡಿದ್ದೇನೆ.

ಆದರೆ ಶಿಕ್ಷಕಿಯವರೇ, ನನ್ನ ಕಥೆಯನ್ನು ನಿಮ್ಮ ಅಮ್ಮನಿಗೆ ಹಾಗೇ ಹೊಂದಿಸಬೇಡಿ. ನನ್ನ ಕಾಯಿಲೆಯಲ್ಲಿ ಕೆಟ್ಟಿರುವುದು ಮುಖ್ಯವಾಗಿ ಒಂದೇ ಸ್ವಿಚ್. ಶ್ವಾಸಕೋಶದ್ದು ಹಾಗಲ್ಲ ಎಂದು ನನ್ನ ವೈದ್ಯರು ಹೇಳುತ್ತಾರೆ. ಒಂದು ಮಾತು ಮಾತ್ರ ಇಬ್ಬರಿಗೂ ಸಲ್ಲುತ್ತದೆ: ಚೆನ್ನಾಗಿದ್ದೇನೆ ಎಂದು ಮಾತ್ರೆ ಬಿಡಬಾರದು. ನಾಲ್ಕನೆಯ ವರ್ಷ ನಾನು ಆರು ವಾರ ಬಿಟ್ಟಿದ್ದೆ, ಯಾರಿಗೂ ಹೇಳದೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಅದು ತಲೆಯೆತ್ತಿತ್ತು. ವೈದ್ಯರು ಬೈಯಲಿಲ್ಲ, ವರದಿಯನ್ನು ನನ್ನ ಕಡೆ ತಿರುಗಿಸಿಟ್ಟರು ಅಷ್ಟೇ.

ಯಲಹಂಕದ ಓದುಗ:

ಹಿರಿಯರೆಲ್ಲ ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ಕೀಮೋ ಪರವಾಗಿ ಒಬ್ಬರು ನಿಲ್ಲಬೇಕು, ನಾನು ನಿಲ್ಲುತ್ತೇನೆ. ‘ಹಳೆಯ ಕಾಲದ ವಿಷ, ಈಗ ಸ್ಮಾರ್ಟ್ ಔಷಧಿ ಬಂದಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

2014ರಲ್ಲಿ ನನಗೆ 24 ವರ್ಷ. ವೃಷಣದ ಕ್ಯಾನ್ಸರ್, ಎರಡೂ ಶ್ವಾಸಕೋಶಕ್ಕೆ ಹರಡಿತ್ತು. ಹರಡಿದ ಮೇಲೂ ಕೀಮೋದಿಂದ ಪೂರ್ತಿ ವಾಸಿಯಾಗಬಲ್ಲ ಕ್ಯಾನ್ಸರ್ ಇದು. ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್, ಮೂರು ಸುತ್ತು. ಸಿಸ್‌ಪ್ಲಾಟಿನ್ ಕೊಡುವ ಐದೂ ದಿನ ಮೂತ್ರಪಿಂಡ ಉಳಿಯಲೆಂದು ಬಾಟಲಿಯ ಮೇಲೆ ಬಾಟಲಿ ಸಲೈನ್ ಹರಿಸುತ್ತಿದ್ದರು. ಅದರೊಳಗೆ ಇರುವುದು ಪ್ಲಾಟಿನಂ ಲೋಹ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸುವ ಪ್ರಯೋಗ ಮಾಡುತ್ತಿದ್ದಾಗ ಅವು ಒಡೆಯುವುದನ್ನು ನಿಲ್ಲಿಸಿದವು. ಕಾರಣ ವಿದ್ಯುತ್ ಅಲ್ಲ, ಪ್ಲಾಟಿನಂ ಕಡ್ಡಿಯಿಂದ ಕರಗಿಬಂದ ಸಂಯುಕ್ತ. ಆ ಆಕಸ್ಮಿಕ ನಡೆಯದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಈಗಲೂ ಮನೆ ನಿಶ್ಶಬ್ದವಾದಾಗ ಕಿವಿಯಲ್ಲಿ ಜೀರುಂಡೆಯಂತೆ ಸದ್ದು ಕೇಳುತ್ತದೆ. ಅದು ಆ ಔಷಧಿ ಬಿಟ್ಟುಹೋದ ಗುರುತು. ಹತ್ತು ವರ್ಷ ದಾಟಿದೆ, ರೋಗ ಮರಳಿಲ್ಲ, ಔಷಧಿಯನ್ನೂ ತೆಗೆದುಕೊಳ್ಳುತ್ತಿಲ್ಲ.

ಶಿಕ್ಷಕಿಯವರ ಚಿಕ್ಕಮ್ಮನೂ ಅಷ್ಟೇ. ಕೂದಲು ಹೋಯಿತು, ಕಾಯಿಲೆಯೂ ಹೋಯಿತು. ನಾಲ್ಕನೆಯ ಹಂತದ ಶ್ವಾಸಕೋಶ ಕ್ಯಾನ್ಸರಿನಲ್ಲಿ ಮಾತ್ರೆ ಹಿಡಿದು ನಿಲ್ಲಿಸುತ್ತದೆ, ಬೇರುಸಹಿತ ಕೀಳುವುದಿಲ್ಲ. ಇದನ್ನು ನೋಯಿಸಲು ಹೇಳುತ್ತಿಲ್ಲ. ಮುಂದೆಂದಾದರೂ ವೈದ್ಯರು ಕೀಮೋ ಸೇರಿಸೋಣ ಎಂದರೆ ಮನೆಯವರು ಹೆದರಿ ಬೇಡ ಎನ್ನಬಾರದು ಎಂದು ಹೇಳುತ್ತಿದ್ದೇನೆ.

ನಿವೃತ್ತ ಶುಶ್ರೂಷಕಿ, ಹನುಮಂತನಗರ:

ಯಲಹಂಕದವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಮೊದಲ ಉತ್ತರದಲ್ಲಿ ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು. ಎರಡೂ ಚಿಕಿತ್ಸೆಗಳು ಎಷ್ಟೋ ಸಲ ಜೊತೆಯಾಗಿಯೇ ನಡೆಯುತ್ತವೆ. ಟ್ರಾಸ್ಟುಜುಮಾಬನ್ನು ಬಹುಪಾಲು ಕೀಮೋ ಜೊತೆಗೇ ಶುರು ಮಾಡುತ್ತಾರೆ. ಗೆಫಿಟಿನಿಬ್ ಜೊತೆ ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧಿಗಳನ್ನು ಸೇರಿಸಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಮಾತ್ರೆಯೊಂದನ್ನೇ ತೆಗೆದುಕೊಂಡವರಲ್ಲಿ ಕಾಯಿಲೆ ಮತ್ತೆ ಮುಂದುವರಿಯಲು ಹಿಡಿದ ನಡುಗಾಲ 8 ತಿಂಗಳು, ಎರಡನ್ನೂ ತೆಗೆದುಕೊಂಡವರಲ್ಲಿ 16 ತಿಂಗಳು. ತೊಂದರೆಗಳೂ ಹೆಚ್ಚಾಗಿದ್ದವು. ಪೆಮೆಟ್ರೆಕ್ಸೆಡ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧಿ. ನಿಮ್ಮ ವೈದ್ಯರು ಕ್ರಿಯಾಟಿನಿನ್ ಹೆಸರು ಹೇಳಿ ಈಗ ಬೇಡ ಎಂದದ್ದು ಅದಕ್ಕೇ ಇರಬೇಕು. ಅಮ್ಮ ಚೇತರಿಸಿಕೊಂಡ ಮೇಲೆ ಈ ಪ್ರಶ್ನೆಯನ್ನು ನೀವಾಗಿ ಮತ್ತೆ ಕೇಳಿ.

ಎಷ್ಟು ಕಾಲ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಪ್ರಶ್ನೆಯೊಳಗೆ ಅದೇ ಇದೆ. ಸುಳ್ಳು ಹೇಳುವುದಿಲ್ಲ. ಮೋಟಾರಿನ ಸ್ವಿಚ್ ತನ್ನ ಆಕಾರ ಬದಲಿಸಿಕೊಳ್ಳುತ್ತದೆ, ಆಗ ಮಾತ್ರೆ ಕೂರಲು ಜಾಗ ಸಿಗುವುದಿಲ್ಲ. ಕೆಲವರಿಗೆ ಆರು ತಿಂಗಳಲ್ಲಿ, ಕೆಲವರಿಗೆ ಎರಡು ಮೂರು ವರ್ಷ ಕಳೆದ ಮೇಲೆ. ಸುಮಾರು ಅರ್ಧದಷ್ಟು ಜನರಲ್ಲಿ ಆ ಬದಲಾವಣೆಗೆ ಟಿ790ಎಂ ಎಂದು ಹೆಸರು. ಅದಕ್ಕೆಂದೇ ಓಸಿಮರ್ಟಿನಿಬ್ ಎಂಬ ಮಾತ್ರೆ ಬಂದಿದೆ, ಈಗ ಅದನ್ನು ಮೊದಲಿಗೇ ಕೊಡುವುದೂ ಇದೆ. ಬೆಲೆ ಹೆಚ್ಚು. 2024ರ ಜುಲೈ ಬಜೆಟ್ಟಿನಲ್ಲಿ ಅದರ ಮೇಲಿನ ಆಮದು ಸುಂಕ ತೆಗೆದರು. ಪಡಿತರ ಚೀಟಿ ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ಎಷ್ಟು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಈಗಲೇ ಕೇಳಿಟ್ಟುಕೊಳ್ಳಿ, ಬೇಕಾದ ದಿನ ಓಡಾಡಲು ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು. ಪರೀಕ್ಷೆಗೆ ಕಳುಹಿಸಿದ ಚೂರು ಈಗ ಎಲ್ಲಿದೆ?

ವಿಜಯನಗರದ ಶಿಕ್ಷಕಿ:

ನಿಮ್ಮ ಪ್ರಶ್ನೆ ಓದಿದ ಮೇಲೆಯೇ ಅದು ನನಗೆ ಹೊಳೆದದ್ದು. ಶನಿವಾರ ಶಾಲೆ ಮುಗಿಸಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋದೆ. ರಸೀದಿ ತೋರಿಸಿ ಸಹಿ ಹಾಕಿದ ಮೇಲೆ ಒಂದು ಜಿಪ್ ಚೀಲದಲ್ಲಿ ಹಾಕಿ ಕೊಟ್ಟರು. ಇಷ್ಟು ದಿನ ಎಲ್ಲರೂ ‘ಗಡ್ಡೆ, ಗಡ್ಡೆ’ ಎನ್ನುತ್ತಿದ್ದುದನ್ನು ನಾನು ಏನೋ ದೊಡ್ಡದೆಂದು ಕಲ್ಪಿಸಿಕೊಂಡಿದ್ದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ, ಮೇಲೆ ಬಿಳಿ ಮೇಣ. ಮೇಣದೊಳಗೆ ಶಾವಿಗೆಯ ತುಂಡಿನಂಥ ಎರಡು ಕಂದು ಎಳೆ. ಅಷ್ಟೇ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಅಮ್ಮನ ಎದೆಯೊಳಗಿಂದ ಬಂದ ಆ ಎರಡು ಎಳೆಗಳಿಂದಲೇ ಯಾವ ಮಾತ್ರೆ ಎಂದು ತೀರ್ಮಾನವಾಯಿತಲ್ಲ ಎನಿಸಿ ಅಲ್ಲೇ ಬೆಂಚಿನ ಮೇಲೆ ಕುಳಿತೆ.

ಮಾತ್ರೆ ಶುರುವಾಗಿ ಇವತ್ತಿಗೆ ಹತ್ತೊಂಬತ್ತು ದಿನ. ನೀವು ಹೇಳಿದಂತೆಯೇ ಹನ್ನೊಂದನೆಯ ದಿನ ಮೂಗಿನ ಪಕ್ಕ ಗುಳ್ಳೆ ಬಂದವು. ಎದುರು ಮನೆಯವರು ಬೇವಿನ ಸೊಪ್ಪು ತಂದೂ ಬಿಟ್ಟಿದ್ದರು, ಬೇಡವೆಂದೆ. ವೈದ್ಯರು ಒಂದು ಮುಲಾಮು ಬರೆದುಕೊಟ್ಟಿದ್ದಾರೆ. ಗ್ಯಾಸ್ ಮಾತ್ರೆ ಊರಿನಿಂದಲೇ ನಡೆಯುತ್ತಿತ್ತು, ದಿನವೂ ಬೆಳಿಗ್ಗೆ. ವೈದ್ಯರಿಗೆ ಹೇಳಿದಾಗ ನಿಲ್ಲಿಸಿದರು. ಇದನ್ನು ನೀವು ಕೇಳದಿದ್ದರೆ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಕಳೆದ ತಿಂಗಳು ಅಮ್ಮ ಮೂರು ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದರು. ಈಗ ಒಂದು ದಿಂಬು. ನಿನ್ನೆ ಸಂಜೆ ನಾನು ಬರುವಷ್ಟರಲ್ಲಿ ತಾರಸಿಗೆ ಹತ್ತಿ ಒಣಗಿದ ಬಟ್ಟೆ ತಂದು ಮಡಚುತ್ತಿದ್ದರು. ಬೈಯಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮಾವನಿಗೆ ಫೋನ್ ಮಾಡಿ ಫೋನನ್ನು ಅಮ್ಮನ ಕೈಗೇ ಕೊಟ್ಟೆ. ಹದಿನೈದು ನಿಮಿಷ ಮಾತನಾಡಿದರು, ನಡುವೆ ಒಮ್ಮೆಯೂ ಕೆಮ್ಮಲಿಲ್ಲ.

ಗುರುವಾರ ಯಕೃತ್ತಿನ ರಕ್ತ ಪರೀಕ್ಷೆ ಇದೆ, ಎರಡು ತಿಂಗಳಾದಾಗ ಸ್ಕ್ಯಾನ್. ಕೀಮೋ ಸೇರಿಸುವ ವಿಷಯವನ್ನು ಆಗ ಕೇಳುತ್ತೇನೆ, ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಬ್ಲಾಕನ್ನು ಎಲ್ಲಿಡಬೇಕು? ಸದ್ಯಕ್ಕೆ ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೇನೆ.

ನಿವೃತ್ತ ಶುಶ್ರೂಷಕಿ, ಹನುಮಂತನಗರ:

ಬೀರು ಸರಿ. ಬಿಸಿಲು ತಾಗದ ತಂಪು ಜಾಗವಾದರೆ ಸಾಕು, ಫ್ರಿಜ್ ಬೇಕಾಗಿಲ್ಲ. ಕಾರಿನಲ್ಲಿ ಬಿಟ್ಟುಹೋಗಬೇಡಿ, ಮೇಣ ಕರಗುತ್ತದೆ. ಚೌಕಟ್ಟಿನ ಮೇಲಿನ ಸಂಖ್ಯೆಯನ್ನೂ ವರದಿಯ ಮೇಲಿನ ಸಂಖ್ಯೆಯನ್ನೂ ಹೋಲಿಸಿ ನೋಡಿ, ಎರಡರ ಫೋಟೊ ಮೊಬೈಲಿನಲ್ಲಿಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೇಳುವುದು ಅದನ್ನೇ. ಗುರುವಾರದ ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ನೋಡುತ್ತಿರುತ್ತೇನೆ.